ಶಿಬಿರದ ಗುರುಗಳು ಯಾರ್ರಿ?

ನಿಡಗುಂದಿ ಊರು ದಾಟಿ, ಹಿನ್ನೀರು ಕಾಣುವ ಒಂದು ಹೊಲದಲ್ಲಿ ಪ್ರಜ್ಞಾ ಮತ್ತು ವೃಂದಾ ಸೇರಿ ಧ್ಯಾನ ಶಿಬಿರ ತೆರೆದಿದ್ದರು. ವಿಜಯಪುರದಲ್ಲಿ ಯೋಗ ಡಿಪ್ಲೊಮಾ ಓದುವಾಗ ಒಂದೇ ಬೆಂಚಿನಲ್ಲಿ ಕೂತವರು ಅವರು. ಹೊಲ ವೃಂದಾಳ ಮನೆತನದ್ದು. ಬಂದವರ ಊಟ, ವಸತಿ ಅವಳೇ ನೋಡಿಕೊಳ್ಳುತ್ತಿದ್ದಳು. ಕಲಿಸುವುದೆಲ್ಲ ಪ್ರಜ್ಞಾಳ ಪಾಲು. ಬಾಗೇವಾಡಿ, ಮುದ್ದೇಬಿಹಾಳದ ಮಾಸ್ತರರು, ನರ್ಸುಗಳು ಬಂದು ಕಲಿತು, ತಮ್ಮವರನ್ನೂ ಕಳಿಸಿದ್ದರು. ಈಗ ಮೊದಲ ಸಲ ಪುಣೆಯ ಒಂದು ಸಾಫ್ಟ್‌ವೇರ್ ಕಂಪನಿಯ ತಂಡ ಬರುವುದಿತ್ತು.

ತಂಡವನ್ನು ಗೊತ್ತು ಮಾಡಿದ ಮಧ್ಯಸ್ಥ ಸುನೀಲಕುಮಾರ ಹಿಂದಿನ ದಿನವೇ ಬಂದು ಜಾಗ ನೋಡಿದ. ತಗಡಿನ ಚಾವಣಿಯ ಧ್ಯಾನದ ಪಡಸಾಲೆ, ಅದರ ಎದುರಿಗೆ ಕಲಿಸುವವರ ಕಟ್ಟೆ, ಬೇವಿನ ನೆರಳು, ಎಲ್ಲ ಅವನಿಗೆ ಮೆಚ್ಚುಗೆಯಾಯಿತು.

"ಭಾಳ ಛಲೋ ಐತ್ರಿ. ಗುರುಗಳು ಯಾವಾಗ ಬರ್ತಾರ?"

"ನಾನ ಕಲಸಾಕಿ," ಎಂದಳು ಪ್ರಜ್ಞಾ.

ಸುನೀಲಕುಮಾರ ಅವಳನ್ನು ಮೇಲಿನಿಂದ ಕೆಳಗೆ ನೋಡಿದ. "ಯಾವೂರ್ರಿ ನಿಮ್ದು? ಅಡ್ಡಹೆಸರೇನು?"

ಅಡ್ಡಹೆಸರು ಕೇಳುವವರು ಏನು ತಿಳಿದುಕೊಳ್ಳಲು ಕೇಳುತ್ತಾರೆಂದು ಪ್ರಜ್ಞಾಳಿಗೆ ಸಣ್ಣಂದಿನಿಂದ ಗೊತ್ತು. "ಇಂಡಿ ತಾಲೂಕು ತಾಂಬಾ. ನಾವು ಬೌದ್ಧರು," ಎಂದು ಅವಳೇ ನೇರ ಹೇಳಿದಳು.

"ಹಂಗಲ್ರಿ ಮೇಡಂ," ಎಂದು ಅವನು ಮಾತು ತಿರುಗಿಸಿದ. "ಸಂಪ್ರದಾಯದ ಶಿಬಿರ ಅಂತ ಹೇಳೇನಿ. ಬಂದವರು ಕಾವಿ ನೋಡ್ತಾರ, ಗಡ್ಡ ನೋಡ್ತಾರ. ಕಲಸೂದು ನೀವ ಕಲಸ್ರಿ. ಕಟ್ಟಿ ಮ್ಯಾಲ ಒಬ್ರು ಹಿರ್ಯಾರು ಸುಮ್ನ ಕುಂತಿದ್ರ ಸಾಕು."

ಹೇಳುತ್ತಲೇ ಅವನ ಕಣ್ಣು ಬೇವಿನ ಕೆಳಗೆ ಪೇಪರು ಓದುತ್ತ ಕೂತಿದ್ದ ಶ್ರೀವಲ್ಲಭ ಕಾಕಾನ ಮೇಲೆ ಬಿತ್ತು. ವೃಂದಾಳ ತಂದೆಯ ತಮ್ಮ ಅವರು, ಬ್ಯಾಂಕಿನಿಂದ ನಿವೃತ್ತರಾದವರು. ಎದೆಯವರೆಗೆ ಬೆಳ್ಳನೆ ಗಡ್ಡ, ಹಣೆಗೆ ಗೋಪಿಚಂದನ.

ಕಾಕಾ ಗಾಬರಿಯಾದರು. "ನಾ ಬ್ಯಾಂಕಿನ್ಯಾಗ ಕೂತು ತೂಕಡಿಸಿದ್ದು ಬಿಟ್ರ ಎಂದೂ ಧ್ಯಾನ ಮಾಡಿಲ್ಲಪಾ!"

ವೃಂದಾ ಗೆಳತಿಯನ್ನು ಬದಿಗೆ ಕರೆದಳು. ಅವಳ ಮುಖ ಬಾಡಿತ್ತು. "ಇದೊಂದು ತಂಡ ಬಂದು ಹೋದ್ರ ನಮ್ಮ ಹೆಸರು ಹಬ್ಬತದ ಪ್ರಜ್ಞಾ. ನಿನಗ ಬ್ಯಾಡ ಅನಸಿದ್ರ ಬ್ಯಾಡ."

ಬೇಡವೆಂದೇ ಅನ್ನಿಸಿತ್ತು. ಆದರೆ ವೃಂದಾ ಮನೆಯವರನ್ನು ಎದುರು ಹಾಕಿಕೊಂಡು ಈ ಹೊಲ ಬಿಡಿಸಿಕೊಂಡವಳು. "ಆಗ್ಲಿ," ಎಂದಳು ಪ್ರಜ್ಞಾ. ಅಂದಮೇಲೆ ಅವಳಿಗೆ ಊಟ ಸೇರಲಿಲ್ಲ.

ಮರುದಿನ ಬೆಳಿಗ್ಗೆ ಕಾವಿ ಶಾಲು ಹೊದ್ದ ಕಾಕಾ ಕಟ್ಟೆಯ ಮೇಲೆ ಕೂತರು. ಪ್ರಜ್ಞಾ ಕೆಳಗೆ ನಿಂತಳು. ಪುಣೆಯವರು ಸಾಲಾಗಿ ಚಾಪೆಗಳ ಮೇಲೆ ಕೂತರು. ದಿನವಿಡೀ ಪರದೆ ನೋಡಿ ಕೆಂಪಾದ ಕಣ್ಣು, ಮುಂದಕ್ಕೆ ಬಾಗಿದ ಕುತ್ತಿಗೆ, ಫೋನು ಕೊಟ್ಟುಬಂದಿದ್ದಕ್ಕೆ ಚಡಪಡಿಸುವ ಬೆರಳು. ಪ್ರಜ್ಞಾ ಬೆನ್ನು ಹೇಗೆ ಇಡಬೇಕೆಂದು ಹಿಂದಿಯಲ್ಲಿ ಹೇಳಿದಳು. ಅವರು ಕಾಕಾನ ಕಡೆ ನೋಡಿದರು. ಕಾಕಾ ತಲೆಯಾಡಿಸಿದರು. ಮೂಗಿನ ತುದಿಯಲ್ಲಿ ಉಸಿರು ಬಂದುಹೋಗುವುದನ್ನು ಸುಮ್ಮನೆ ನೋಡಿರಿ ಎಂದಳು. ಮತ್ತೆ ಕಾಕಾನ ಕಡೆಯೇ ನೋಟ.

ಎಲ್ಲರೂ ಕಣ್ಣು ಮುಚ್ಚಿ ತುಸು ಹೊತ್ತಾಗಿತ್ತು. ಹಿಂದಿನ ಸಾಲಿನ ಹುಡುಗಿಯೊಬ್ಬಳು ಥಟ್ಟನೆ ಎದೆ ಹಿಡಿದುಕೊಂಡು ಏದುಸಿರು ಬಿಡತೊಡಗಿದಳು. ಸಾಕ್ಷಿ ಎಂದು ಅವಳ ಹೆಸರು. ಅಷ್ಟು ಹೊತ್ತು ಇಂಗ್ಲಿಷಿನಲ್ಲೇ ಮಾತಾಡಿದ್ದ ಅವಳ ಬಾಯಿಂದ ಈಗ ಸಿಂದಗಿಯ ಕನ್ನಡ ಬಂತು. "ಉಸಿರು ಹಿಡದಂಗ ಆಗಾಕತ್ತೈತ್ರಿ! ನಾ ಸಾಯ್ತೇನಿ!"

ತಂಡವೆಲ್ಲ ಗುರುಗಳ ಕಡೆ ತಿರುಗಿತು. ಗುರುಗಳು ಕಂಗಾಲಾಗಿ ಪ್ರಜ್ಞಾಳ ಕಡೆ ನೋಡಿದರು.

ಪ್ರಜ್ಞಾ ಆಗಲೇ ಸಾಕ್ಷಿಯ ಮುಂದೆ ಮೊಣಕಾಲೂರಿದ್ದಳು. ಇಂಥದ್ದನ್ನು ಅವಳು ಮೊದಲೂ ಕಂಡಿದ್ದಳು. "ಕಣ್ಣು ತೆರಿಯವ್ವ. ಉಸಿರಿನ ಗೊಡವಿ ಬಿಡು. ಎರಡೂ ಅಂಗೈ ನೆಲಕ್ಕ ಹಚ್ಚು. ಫರಸಿ ಹೆಂಗೈತಿ?"

"ತಣ್ಣಗೈತ್ರಿ."

"ಹೊರಗ ಏನು ಕೇಳಾಕತ್ತೈತಿ?"

"ಪಂಪ್‌ಸೆಟ್ಟು... ಯಾವುದೋ ಹಕ್ಕಿ."

"ಹಕ್ಕಿ ಎಲ್ಲಿ ಕುಂತೈತಿ, ಹುಡುಕು."

ಸಾಕ್ಷಿ ಬೇವಿನ ಮರದಲ್ಲಿ ಹಕ್ಕಿ ಹುಡುಕಿದಳು. ಹುಡುಕುತ್ತ ಹುಡುಕುತ್ತ ಅವಳ ಭುಜ ಇಳಿಯಿತು, ಉಸಿರು ದಾರಿಗೆ ಬಂತು. ನೀರು ಕುಡಿದು ಕಣ್ಣೊರೆಸಿಕೊಂಡಳು. ಆಮೇಲೆ ಎದ್ದು ನೆಟ್ಟಗೆ ಕಟ್ಟೆಯ ಬಳಿ ಹೋಗಿ ಕಾಕಾನ ಪಾದಕ್ಕೆ ಬಗ್ಗಿದಳು.

"ಸಾಕ್ಷಿ, ತಡಿ," ಎಂದಳು ಪ್ರಜ್ಞಾ. ದನಿ ಏರಿರಲಿಲ್ಲ, ಆದರೆ ಪಡಸಾಲೆಗೆಲ್ಲ ಕೇಳಿಸಿತು. "ಇದ್ದದ್ದನ್ನ ಇದ್ದಂಗ ನೋಡ್ರಿ ಅಂತ ನಾ ಹೇಳಾಕತ್ತೇನಿ. ಸುಳ್ಳನ್ನ ಎದುರಿಗೆ ಕುಂದ್ರಿಸಿ ಅದನ್ನ ಹೇಳಾಕ ನನಗಾಗೂದಿಲ್ಲ. ಅವರು ನನ್ನ ಗೆಳತಿಯ ಕಾಕಾ. ಒಳ್ಳೆ ಮನಷ್ಯಾರು. ಗುರು ಅಲ್ಲ."

ಅದನ್ನೇ ಹಿಂದಿಯಲ್ಲೂ ಹೇಳಿದಳು. ಸುನೀಲಕುಮಾರ ಹಣೆ ಹಿಡಿದುಕೊಂಡ. ಕಾಕಾ ಮಾತ್ರ ಬಿಡುಗಡೆಯಾದವರಂತೆ ಶಾಲು ತೆಗೆದು ಮಡಚಿ, ಕಟ್ಟೆಯಿಂದ ಇಳಿದು, ಖಾಲಿಯಿದ್ದ ಚಾಪೆಯೊಂದರ ಮೇಲೆ ಹೋಗಿ ಕೂತರು. "ನನಗೂ ಕಲಸು ತಾಯಿ. ಬೆಳಗಿನಿಂದ ನೀ ಹೇಳಿದ್ದು ಕೇಳ್ಲಿಕ್ಕೆ ಹತ್ತೀನಿ, ಛಲೋ ಅನಸ್ತು."

ತಂಡದ ಮುಖ್ಯಸ್ಥ ಅಮೀನುದ್ದೀನ ಎದ್ದು ನಿಂತ. ಮೋಸ ಹೋದ ಸಿಟ್ಟು ಅವನ ಮುಖದಲ್ಲಿ ಕಾಣುತ್ತಿತ್ತು. "ಹಾಗಿದ್ದರೆ ಇಲ್ಲಿ ಗುರು ಯಾರು?" ಎಂದು ಹಿಂದಿಯಲ್ಲಿ ಕೇಳಿದ.

ಪ್ರಜ್ಞಾ ಕಟ್ಟೆಯನ್ನು ಹತ್ತಿ ಕೂತಳು. "ನಾನು. ಆಸನಗಳನ್ನು ಕಾಲೇಜಿನಲ್ಲಿ ಕಲಿತೆ. ಧ್ಯಾನ ನಮ್ಮವ್ವ ದುರ್ಗವ್ವನಿಂದ ಬಂತು. ಹೊಲದ ಕೆಲಸಕ್ಕೆ ಹೋಗುವ ಮೊದಲು ಅವಳು ಬುದ್ಧನ ಮುಂದೆ ಕೂರುತ್ತಿದ್ದಳು, ನಾನು ಪಕ್ಕದಲ್ಲಿ ಕೂರುತ್ತಿದ್ದೆ. ನನ್ನ ಹತ್ತಿರ ಇರುವುದು ಇಷ್ಟೇ. ಸಾಲದು ಅನ್ನುವವರನ್ನು ಸ್ಟೇಷನ್ನಿಗೆ ಬಿಟ್ಟುಬರುತ್ತೇವೆ."

ಒಬ್ಬ ಚೀಲ ತೆಗೆದುಕೊಂಡು ಹೊರಟೇಬಿಟ್ಟ. ಉಳಿದವರು ಅಮೀನುದ್ದೀನನ ಮುಖ ನೋಡಿದರು. ಅವನು ಸಾಕ್ಷಿಯ ಕಡೆ ನೋಡಿದ. ಅವಳು ಆಗಲೇ ತನ್ನ ಚಾಪೆಗೆ ಮರಳಿ, ಬೆನ್ನು ನೆಟ್ಟಗೆ ಮಾಡಿ ಕೂತಾಗಿತ್ತು. ಅವನೂ ಕೂತ. "ಶುರು ಮಾಡಿ, ಗುರೂಜಿ," ಎಂದ.

ಅಡಿಗೆಮನೆಯ ಬಾಗಿಲಲ್ಲಿ ವೃಂದಾ ಸೆರಗು ಬಾಯಿಗೆ ಹಿಡಿದು ಅಳುತ್ತ ನಗುತ್ತಿದ್ದಳು.

ಶಿಬಿರ ಮುಗಿಯುವ ದಿನ ವೃಂದಾ ಹೇಳಿಕಳಿಸಿದ್ದಕ್ಕೆ ದುರ್ಗವ್ವ ತಾಂಬಾದಿಂದ ಬಂದಳು. ಮಗಳು ಕಟ್ಟೆಯ ಮೇಲೆ ಕೂತು ಕಲಿಸುವುದನ್ನು ಹಿಂದಿನ ಕಂಬಕ್ಕೆ ಆನಿಕೊಂಡು ನೋಡಿದಳು. ಶಿಬಿರದ ಮೌನವ್ರತ ಮುಗಿದಮೇಲೆ ಎಲ್ಲರೂ ದುರ್ಗವ್ವನ ಸುತ್ತ ಕೂಡಿದರು. ಪ್ರಜ್ಞಾಳಿಗೆ ಹೇಗೆ ಕಲಿಸಿದಿರಿ ಎಂದು ಸಾಕ್ಷಿ ಕೇಳಿದಳು.

"ನಾ ಏನ್ ಕಲಸ್ಲಿ ತಂಗಿ? ನಾ ನನ್ನ ಪಾಡಿಗೆ ಕುಂದ್ರತಿದ್ನಿ. ಕಲತಾಕಿ ಇಕಿನ. ಹಟದಾಕಿ." ಹಾಗೆನ್ನುವಾಗ ಅವಳ ಮುಖ ಅರಳಿತ್ತು.

ಸಂಜೆ ಪ್ರಜ್ಞಾ ಅವ್ವನನ್ನು ಬಸ್ಸು ಹತ್ತಿಸಲು ಬಂದಳು. ದುರ್ಗವ್ವ ಕಿಟಕಿಯ ಪಕ್ಕ ಕೂತು, "ಸರಿಯಾಗಿ ಉಣ್ಣು," ಎಂದಷ್ಟೇ ಹೇಳಿದಳು. ಕಂಡಕ್ಟರ್ ಟಿಕೀಟು ಹರಿಯುತ್ತ, "ಇಷ್ಟು ದೂರ ಯಾಕ ಬಂದಿದ್ದಿ ಯವ್ವಾ?" ಎಂದ. ಬಸ್ಸು ಹೊರಡುವ ಸದ್ದಿನಲ್ಲೂ ಅವ್ವನ ಉತ್ತರ ಕೆಳಗೆ ನಿಂತ ಪ್ರಜ್ಞಾಳಿಗೆ ಸ್ಪಷ್ಟವಾಗಿ ಕೇಳಿಸಿತು.

"ನನ್ನ ಮಗಳು ಇಲ್ಲಿ ಗುರು ಅದಾಳಪಾ. ನೋಡಾಕ ಬಂದಿದ್ನಿ."