ರುದ್ರವ್ವನ ಕ್ಯಾರಿಯರ್ ಮೇಲೆ ಸಾಹೇಬರು

ತಾರಾನಾಥನಿಗೆ ಸೈಕಲ್ ಬರುತ್ತಿರಲಿಲ್ಲ. ಆದರೆ ಸರ್ವೋತ್ತಮರಾಯರು "ನಿಮಗೆ ಸೈಕಲ್ ಬರುತ್ತದಲ್ಲ?" ಎಂದು ಕೇಳಿದಾಗ "ಬರುತ್ತದೆ ಸರ್" ಎಂದು ಬಾಯಿಂದ ಬಿದ್ದೇ ಹೋಯಿತು. ಹೊಸ ಕೆಲಸ, ಹೊಸ ಊರು. ಮೇಲಧಿಕಾರಿ ಕೇಳಿದ್ದಕ್ಕೆಲ್ಲ ಹೌದು ಅನ್ನುವ ವಯಸ್ಸು.

ಎಂಬತ್ತೆರಡನೆಯ ಇಸವಿ ಅದು. ಹೊಸದಾಗಿ ಕಟ್ಟುತ್ತಿದ್ದ ವಾಶಿ ನಗರದಲ್ಲಿ ರಸ್ತೆಗಳು ಮೊದಲು ಬಂದಿದ್ದವು, ಮನೆಗಳು ಆಮೇಲೆ. ಜನ ಇನ್ನೂ ಬರುತ್ತಲೇ ಇದ್ದರು. ರೈಲು ಬಂದಿರಲಿಲ್ಲ. ನೆಲದೊಳಕ್ಕೆ ಚಾಚಿದ ಕಡಲಿನ ಖಾಡಿ, ಅದರ ಸೇತುವೆ ದಾಟಿ ಬಸ್ಸು ಬಂದರೆ ಬಂತು. ಒಂದು ಸೆಕ್ಟರಿಗೂ ಇನ್ನೊಂದಕ್ಕೂ ನಡುವೆ ಹುಲ್ಲು ಬೆಳೆದ ಖಾಲಿ ಜಾಗವಿತ್ತು. ಅಲ್ಲೆಲ್ಲ ನಡೆಯುವವರಿಗೂ ಸೈಕಲಿನವರಿಗೂ ದಾರಿ ಮಾಡಬೇಕು, ಮನೆ, ಶಾಲೆ, ಬಸ್ ಸ್ಟ್ಯಾಂಡು, ಮಾರ್ಕೆಟ್ಟು ಎಲ್ಲವನ್ನೂ ಜೋಡಿಸಬೇಕು ಎಂದು ತಾರಾನಾಥ ಸೇರಿದ್ದ ಯೋಜನಾ ಕಚೇರಿಯ ಹಳೆಯ ನಕ್ಷೆಯಲ್ಲಿ ಹಸಿರು ಗೆರೆಗಳನ್ನು ಎಳೆದಿಟ್ಟಿದ್ದರು. ಈಗ ಆ ಜಾಗದ ಮೇಲೆ ಲಾರಿಯವರ ಕಣ್ಣು ಬಿದ್ದಿತ್ತು.

"ತಿಂಗಳ ಕೊನೆಗೆ ಮೀಟಿಂಗ್ ಇದೆ. ಅಲ್ಲಿ ಲಾರಿ ಪಾರ್ಕಿಂಗ್ ಮಾಡಿ ಅಂತ ಕೇಳುವವರು ಬಹಳ ಜನ," ಎಂದರು ಸರ್ವೋತ್ತಮರಾಯರು. "ಈ ದಾರಿಗಳಲ್ಲಿ ಯಾರು ಓಡಾಡ್ತಾರೆ ಅಂತ ನಾನು ಹೇಳಬೇಕು. ಸೈಕಲ್ ಮೇಲೆ ತಿರುಗಿ ನೋಡಿ, ಸರಿಯಾದ ನಕ್ಷೆ ಮಾಡಿ ತನ್ನಿ."

ತಾರಾನಾಥ ಮೂಡಬಿದಿರೆ ಕಡೆಯವನು. ವಾಶಿಯಲ್ಲಿ ಬಾಳಪ್ಪ ಮತ್ತು ರುದ್ರವ್ವ ಎಂಬ ವಿಜಾಪುರದ ದಂಪತಿಯ ಮನೆಯಲ್ಲಿ ಒಂದು ಕೋಣೆ ಹಿಡಿದಿದ್ದ. ಬಾಳಪ್ಪ ಉಳ್ಳಾಗಡ್ಡಿ-ಬಟಾಟೆ ಮಾರ್ಕೆಟ್ಟಿನಲ್ಲಿ ಒಬ್ಬ ದಲಾಲರ ಗಾಳೆಯಲ್ಲಿ, ಅಂದರೆ ಮಳಿಗೆಯಲ್ಲಿ, ಗುಮಾಸ್ತ. ರುದ್ರವ್ವ ನಲವತ್ತು ದಾಟಿದ ಗಟ್ಟಿ ಹೆಂಗಸು. ನಗಲು ಶುರು ಮಾಡಿದರೆ ಪಕ್ಕದ ಮನೆಯವರು ಕಿಟಕಿ ತೆರೆದು "ಏನಾಯಿತು?" ಎಂದು ಕೇಳುವಂತೆ ನಗುವವಳು.

ಅವತ್ತು ಸಂಜೆ ತಾರಾನಾಥ ಚಹಾ ಕುಡಿಯುತ್ತ ವಿಷಯ ಹೇಳಿದ.

"ಸೈಕಲ್ ಮ್ಯಾಲೆ ಊರೆಲ್ಲಾ ತಿರಗೂದಾ? ಅದು ನೌಕರಿ ಏನೋ ತಮ್ಮಾ!" ಎಂದಳು ರುದ್ರವ್ವ. ಅವಳ ಕಣ್ಣುಗಳು ಅರಳಿದ್ದವು. "ನನಗೂ ಕಲಸೋ. ಸಣ್ಣಾಕಿ ಇದ್ದಾಗಿಂದ ಆಸೆ ಐತಿ. ನಮ್ಮಪ್ಪ ಮುಟ್ಟಾಕ ಬಿಡಲಿಲ್ಲ, ಲಗ್ನ ಆದ ಮ್ಯಾಲೆ ಇವ್ರು ಬಿಡಲಿಲ್ಲ."

ತಾರಾನಾಥ ಬಸಿಯನ್ನು ಕೆಳಗಿಟ್ಟ. "ಅಕ್ಕಾ, ಒಂದು ವಿಷಯ ಉಂಟು. ನನಗೇ ಬರುವುದಿಲ್ಲ."

ರುದ್ರವ್ವ ಒಂದು ಕ್ಷಣ ಅವನನ್ನು ನೋಡಿದಳು. ಆಮೇಲೆ ಪಕ್ಕದ ಮನೆಯ ಸತ್ಯಮ್ಮ ಕಿಟಕಿ ತೆರೆದಳು.

ಮರುದಿನ ಬೆಳಿಗ್ಗೆ ಇಬ್ಬರೂ ಕಿಟ್ಟುವಿನ ಅಂಗಡಿಯ ಮುಂದೆ ನಿಂತರು. ಕಿಟ್ಟು ಸೈಕಲ್ ಬಾಡಿಗೆಗೆ ಕೊಡುವವನು, ಕಾರ್ಕಳದಿಂದ ಬಂದು ಇಲ್ಲೇ ದಪ್ಪಗಾದವನು. ತಾರಾನಾಥ ಅವನಿಗೆ ತುಳುವಿನಲ್ಲಿ ಗುಟ್ಟಾಗಿ ಸಂಗತಿ ಹೇಳಿದ. ಕಿಟ್ಟು ಅದನ್ನು ಕನ್ನಡದಲ್ಲಿ ಗಟ್ಟಿಯಾಗಿ ತಿರುಗಿ ಹೇಳಿದ: "ಎಂತ ಮಾರಾಯ್ರೆ! ಸೈಕಲ್ ದಾರಿ ಮಾಡುವವರಿಗೇ ಸೈಕಲ್ ಬರುವುದಿಲ್ಲವಾ!"

ಆದರೂ ಅವನು ಒಂದು ಲೇಡೀಸ್ ಸೈಕಲನ್ನೂ ಒಂದು ಸಾದಾ ಸೈಕಲನ್ನೂ ಹೊರಗೆ ತೆಗೆದ. ಕಲಿಸುವುದಕ್ಕೂ ತಾನೇ ಬಂದ. ಸೆಕ್ಟರಿನ ಹಿಂದಿನ ರಸ್ತೆಯಲ್ಲಿ ಆ ಹೊತ್ತಿಗೆ ಒಂದು ನಾಯಿ ಬಿಟ್ಟರೆ ಯಾರೂ ಇರಲಿಲ್ಲ. ರುದ್ರವ್ವ ಇಳಕಲ್ ಸೀರೆಯನ್ನು ಕಚ್ಚೆ ಹಾಕಿ ಬಿಗಿದಳು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು, ಸೀಟಿನ ಮೇಲೆ ಕೂತು "ಬಿಡಬ್ಯಾಡ ಕಿಟ್ಟಣ್ಣಾ, ಬಿಡಬ್ಯಾಡ!" ಎಂದು ಕೂಗಿದಳು. ಕಿಟ್ಟು ಸೀಟು ಹಿಡಿದು ಏದುಸಿರು ಬಿಡುತ್ತ ಓಡಿದ. ಓಡಲಾರದೆ ಬಿಟ್ಟ. ಅವಳಿಗೆ ಗೊತ್ತಾಗಲಿಲ್ಲ. "ಬಿಡಬ್ಯಾಡ!" ಎನ್ನುತ್ತಲೇ ಅಷ್ಟು ದೂರ ಹೋಗಿ, ಹಿಂದಿನಿಂದ ಉತ್ತರ ಬಾರದೆ ತಿರುಗಿ ನೋಡಿ, ಮೈಮೇಲೆ ಯಾರೋ ತಣ್ಣೀರು ಸುರಿದಂತೆ ಕಿರುಚಿ, ಹುಲ್ಲಿನ ಮೇಲೆ ಉರುಳಿದಳು.

ತಾರಾನಾಥ ಹೆದರಿ ಓಡಿ ಬಂದ. ಅವಳು ಮಲಗಿದಲ್ಲೇ ಆಕಾಶ ನೋಡುತ್ತ ನಗುತ್ತಿದ್ದಳು. "ತಮ್ಮಾ, ನಾ ಒಬ್ಬಾಕಿನ ಹೊಂಟಿದ್ನೆಲ್ಲೋ! ಒಬ್ಬಾಕಿನ!"

ತಾರಾನಾಥನ ಕಲಿಕೆ ಅಷ್ಟು ಸಲೀಸಾಗಿ ಆಗಲಿಲ್ಲ. ಎಲ್ಲಿ ಮುಳ್ಳು ಪೊದೆಯಿದೆಯೋ ಅವನ ಸೈಕಲಿನ ಮುಂದಿನ ಗಾಲಿ ಅಲ್ಲಿಗೇ ಹೋಗುತ್ತಿತ್ತು. ವಾರ ಕಳೆಯುವ ಹೊತ್ತಿಗೆ ಅವನು ನೇರ ಹೋಗಬಲ್ಲವನಾದ. ತಿರುವಿನಲ್ಲಿ ಮಾತ್ರ ಇಳಿದು, ಸೈಕಲನ್ನು ಕೈಯಲ್ಲಿ ಹಿಡಿದು ತಿರುಗಿಸಿ, ಮತ್ತೆ ಹತ್ತುತ್ತಿದ್ದ.

ಸುದ್ದಿ ಬಾಳಪ್ಪನ ಕಿವಿಗೆ ಬೀಳದೆ ಇರಲಿಲ್ಲ. ಊಟಕ್ಕೆ ಕೂತವನು ರೊಟ್ಟಿ ಮುರಿಯದೆ ಹೇಳಿದ: "ಮಾರ್ಕೆಟ್ಟಿನಾಗ ಎಲ್ಲಾರೂ ಕೇಳಾಕ ಹತ್ಯಾರ. ನಾ ಮಕಾ ಹೆಂಗ ತೋರಸ್ಲಿ?"

"ಮಕಾ ತೋರಸಬ್ಯಾಡ್ರಿ. ಬೆನ್ನ ತೋರಸ್ರಿ. ನಾ ಹಿಂದಿಂದ ಬೆಲ್ ಹೊಡೀತೀನಿ, ಸರೀರಿ," ಎಂದಳು ರುದ್ರವ್ವ. ತಾರಾನಾಥನಿಗೆ ಸಾರು ನೆತ್ತಿಗೆ ಹತ್ತಿತು. ಬಾಳಪ್ಪ ಸಿಟ್ಟು ಮಾಡಬೇಕೆಂದಿದ್ದವನು ಅವನ ಬೆನ್ನು ಗುದ್ದುವುದರಲ್ಲೇ ಸಿಟ್ಟು ಮರೆತ.

ಅಲ್ಲಿಂದ ಕೆಲಸ ಭರಭರ ಸಾಗಿತು. ತಾರಾನಾಥ ಒಂದು ಸೈಕಲಿನಲ್ಲಿ, ರುದ್ರವ್ವ ಒಂದರಲ್ಲಿ. ಸತ್ಯಮ್ಮನಿಗೆ ಸೈಕಲ್ ಹತ್ತುವ ಧೈರ್ಯವಿಲ್ಲ, ಆದರೆ ಇವರನ್ನು ಬಿಟ್ಟಿರುವ ಮನಸ್ಸೂ ಇಲ್ಲ, ಅವಳು ನಡೆದು ಬರುತ್ತಿದ್ದಳು. ಕಚೇರಿಯ ನಕ್ಷೆಯಲ್ಲಿ ನೆಟ್ಟಗಿದ್ದ ಹಸಿರು ಗೆರೆಯೊಂದು ನೆಲದ ಮೇಲೆ ಎಮ್ಮೆಗಳ ಕೊಟ್ಟಿಗೆಯೊಳಗೆ ಹೋಗುತ್ತಿತ್ತು. ಇನ್ನೊಂದು ಗೆರೆ ನಾಲೆಯ ದಂಡೆಗೆ ಬಂದು ನಿಂತೇಬಿಡುತ್ತಿತ್ತು. ತಾರಾನಾಥ ಗೆರೆ ಅಳಿಸುವನು, ಹೊಸದು ಎಳೆಯುವನು, ಮತ್ತೆ ಸೈಕಲ್ ಹತ್ತಿ ನೋಡುವನು. ನೋಡುವಾಗ ಬೀಳುವನು. ಬಿದ್ದಲ್ಲಿ ಕಲ್ಲಿದ್ದರೆ ಅದನ್ನೂ ಗುರುತು ಹಾಕುವನು.

ದಾರಿ ಎಷ್ಟು ಅಗಲ ಇರಬೇಕು ಎನ್ನುವಲ್ಲಿ ಅವನು ಸಿಕ್ಕಿಹಾಕಿಕೊಂಡ. ಪುಸ್ತಕದಲ್ಲಿ ಒಂದು ಅಳತೆಯಿತ್ತು.

"ಅಷ್ಟ ಸಾಲೂದಿಲ್ಲ," ಎಂದಳು ರುದ್ರವ್ವ. "ನಾ ಸೈಕಲ್ ಮ್ಯಾಲೆ, ಸತ್ಯಮ್ಮ ಬಾಜೂಕ ಕಾಯಿಪಲ್ಯೆ ಚೀಲ ಹಿಡಕೊಂಡು ನಡಕೋತ. ಮಾತಾಡ್ಕೋತ ಹೋಗಬೇಕ್ ನಾವು. ಹಿಂದ ಮುಂದ ಆದ್ರ ಮಾತು ಹೆಂಗ ಕೇಳಬೇಕು?"

"ಎದುರಿನಿಂದಲೂ ಇಂಥವರೇ ಇಬ್ಬರು ಬಂದರೆ?" ಎಂದ ತಾರಾನಾಥ.

"ಬಂದ್ರ ನಿಂತು ಮಾತಾಡ್ತೀವಿ. ಹಿಂದಿನವ್ರಿಗೆ ಜಾಗಾ ಬೇಕಲ್ಲ!"

ಅವನು ಟೇಪು ಬಿಚ್ಚಿದ. ರುದ್ರವ್ವ ಸೈಕಲ್ ಹಿಡಿದು ನಿಂತಳು, ಸತ್ಯಮ್ಮ ಎರಡೂ ಕೈಗೆ ಚೀಲ ತೂಗುಹಾಕಿಕೊಂಡು ಪಕ್ಕದಲ್ಲಿ, ಎದುರಿನಿಂದ ಬರುವವರ ಬದಲಿಗೆ ಕಿಟ್ಟು ಒಬ್ಬನೇ. ಅವನೊಬ್ಬನೇ ಇಬ್ಬರಿಗೆ ಸಾಕು ಎಂದು ಸತ್ಯಮ್ಮ ಹೇಳಿದ್ದಕ್ಕೆ ಎಲ್ಲರೂ ನಕ್ಕು ಟೇಪು ಕೈಜಾರಿತು. ಅಳತೆ ಮತ್ತೆ ಮೊದಲಿನಿಂದ ಆಯಿತು.

ಮೀಟಿಂಗಿನ ದಿನ ಬಂತು. ಸರ್ವೋತ್ತಮರಾಯರು ಅದಕ್ಕೆ ಮುಂಚೆ ಜಾಗವನ್ನು ತಾವೇ ನೋಡುತ್ತೇನೆ ಎಂದರು. ತಾರಾನಾಥ ಸೆಕ್ಟರಿನಿಂದ ಮಾರ್ಕೆಟ್ಟಿನವರೆಗಿನ ದಾರಿಗೆ ಸುಣ್ಣದ ಪುಡಿಯಲ್ಲಿ ಗೆರೆ ಹಾಕಿಸಿದ್ದ. ನಾಲೆಯ ಮೇಲೆ ಕಿಟ್ಟು ನಾಲ್ಕು ಹಲಗೆ ಹಾಸಿದ್ದ. ರುದ್ರವ್ವ ಹೊಸ ಸೀರೆ ಉಟ್ಟು, ಸೈಕಲ್ ಹಿಡಿದು, ಸಾಹೇಬರಿಗೆ ತೋರಿಸಲೆಂದು ಕಾದಿದ್ದಳು. ಸಾಹೇಬರದು ಬಿಳಿ ಪ್ಯಾಂಟು, ಕಂಕುಳಲ್ಲಿ ಫೈಲು, ಮುಖದಲ್ಲಿ ಗಾಂಭೀರ್ಯ. ಸರ್ವೋತ್ತಮರಾಯರು ಜೀಪಿನಲ್ಲಿ ಬಂದರು. ಬಂದವರು ಇಳಿಯಲಿಲ್ಲ. ಡ್ರೈವರ್ ಸುಣ್ಣದ ಗೆರೆಯ ಮೇಲೆಯೇ ಜೀಪು ಓಡಿಸಿದ. ಹುಲ್ಲಿನ ಕೆಳಗೆ ಕಡಲ ಭರತದ ನೀರು ಬಂದು ಹೋದ ಖಾಡಿಯ ಕೆಸರಿತ್ತು. ನಾಲೆ ಇನ್ನೂ ದೂರವಿರುವಾಗಲೇ ಹಿಂದಿನ ಗಾಲಿ ಗುಳುಕ್ ಎಂದು ಕೂತಿತು. ಡ್ರೈವರ್ ಜೋರು ಮಾಡಿದಷ್ಟೂ ಇನ್ನಷ್ಟು ಕೂತಿತು.

ಸಾಹೇಬರು ಗಡಿಯಾರ ನೋಡಿದರು. "ಮೀಟಿಂಗಿಗೆ ತಡವಾದರೆ ನನ್ನನ್ನು ಬಿಟ್ಟು ತೀರ್ಮಾನ ಮಾಡ್ತಾರೆ. ಟೆಂಪೋ ಎಲ್ಲಿ ಸಿಗುತ್ತದೆ?"

"ಮಾರ್ಕೆಟ್ಟಿನ ಬಾಗಿಲಲ್ಲಿ ಸರ್. ಈ ದಾರಿಯ ಆ ಕೊನೆ."

"ನಿಮ್ಮ ಸೈಕಲಿನಲ್ಲಿ ಬಿಡಿ ನನ್ನನ್ನು."

ತಾರಾನಾಥ ಸೈಕಲನ್ನು ಹಿಂದಕ್ಕೆ ಎಳೆದುಕೊಂಡ. "ಸರ್, ನಾನು ಕಲಿತು ತಿಂಗಳಾಗಿಲ್ಲ. ಒಬ್ಬನೇ ಹೋಗುವುದೇ ಕಷ್ಟ ಉಂಟು. ನೀವೇ ಸೈಕಲ್ ಬಿಟ್ಟುಕೊಂಡು ಹೋದರೆ..."

ಸರ್ವೋತ್ತಮರಾಯರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ನನಗೆ ಸೈಕಲ್ ಬರುವುದಿಲ್ಲ."

ದನಿ ತಗ್ಗಿಸಿ ಪ್ರಯೋಜನವಾಗಲಿಲ್ಲ. ರುದ್ರವ್ವನಿಗೆ ಕೇಳಿಸಿತು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಕಷ್ಟಪಟ್ಟು ನಗು ನುಂಗಿದಳು, ಆಮೇಲೆ ಸೈಕಲನ್ನು ಸಾಹೇಬರ ಮುಂದೆ ತಂದು ನಿಲ್ಲಿಸಿದಳು.

"ಹಿಂದ ಕೂಡ್ರಿ ಸಾಹೇಬ್ರ. ನಾ ಮುಟ್ಟಸ್ತೀನಿ."

"ನೀವಾ? ಬೇಡಮ್ಮ, ಬೀಳ್ತೀವಿ."

"ಬಿದ್ರ ಹುಲ್ಲ ಐತಿ. ಮೀಟಿಂಗ್ ಹ್ವಾದ್ರ ಲಾರಿ ಬರ್ತಾವು. ಕೂಡ್ರಿ."

ಸಾಹೇಬರು ಕ್ಯಾರಿಯರಿನ ಮೇಲೆ ಒಂದೇ ಮಗ್ಗುಲಿಗೆ, ಮದುಮಗಳು ಕೂತಂತೆ, ಕೂತರು. ಒಂದು ಕೈಯಲ್ಲಿ ಫೈಲು, ಒಂದು ಕೈಯಲ್ಲಿ ಸೀಟಿನ ಸ್ಪ್ರಿಂಗು. ರುದ್ರವ್ವ ಪೆಡಲಿನ ಮೇಲೆ ಎದ್ದು ನಿಂತು ತುಳಿದಳು. ಸೈಕಲ್ ಅತ್ತ ಹೊಯ್ದಾಡಿ, ಇತ್ತ ಹೊಯ್ದಾಡಿ, ಹೊರಟಿತು. ಕಿಟ್ಟು ಪಕ್ಕದಲ್ಲಿ ಓಡಿದ, ತಾರಾನಾಥ ಹಿಂದೆ ತನ್ನ ಸೈಕಲಿನಲ್ಲಿ, ಅವನ ಹಿಂದೆ ಸತ್ಯಮ್ಮ ಚಪ್ಪಲಿ ಕೈಯಲ್ಲಿ ಹಿಡಿದು. ಹಲಗೆಗಳು ಧಡಧಡ ಅಂದವು. ನಾಲೆ ದಾಟಿತು. ಸಾಹೇಬರು ಕಣ್ಣು ಬಿಟ್ಟರು.

ನಾಲೆಯ ಆಚೆ ಮಾರ್ಕೆಟ್ಟಿನ ಕಡೆಗೆ ಇಳಿಜಾರು. ಇಳಿಜಾರಿನಲ್ಲಿ ತುಳಿಯುವ ಕೆಲಸವೇ ಇರಲಿಲ್ಲ. ಗಾಳಿ ಕಿವಿಯಲ್ಲಿ ಹೊಕ್ಕು ಹೊರಟಿತು, ರುದ್ರವ್ವನ ಸೆರಗು ಸೊಂಟದಿಂದ ಬಿಚ್ಚಿ ಸಾಹೇಬರ ಮುಖಕ್ಕೆ ಹಾರಿತು. ಎದೆಯೊಳಗೆ ಯಾರೋ ಪಾರಿವಾಳಗಳ ಗೂಡು ತೆರೆದಂತಾಗಿ ಅವಳು "ಹೋ!" ಎಂದು ಕೂಗಿದಳು.

"ಬ್ರೇಕ್! ಬ್ರೇಕ್ ಹಿಡೀರಿ!" ಎಂದ ಕಿಟ್ಟು ಹಿಂದಿನಿಂದ.

ಆ ಖುಷಿಯಲ್ಲಿ ಅವಳಿಗೆ ಬೆಲ್ಲೊಂದೇ ನೆನಪಿತ್ತು. ಅದನ್ನೇ ಹೊಡೆದಳು. ಟ್ರಿಣ್ ಟ್ರಿಣ್ ಟ್ರಿಣ್! ಮಾರ್ಕೆಟ್ಟಿನ ಬಾಗಿಲಲ್ಲಿ ಮೂಟೆ ಹೊತ್ತು ನಿಂತಿದ್ದ ಕಲಬುರಗಿಯ ಹಮಾಲರು "ಸರೀರೋ, ಸರೀರೋ!" ಎಂದು ಎರಡು ಪಾಲಾಗಿ ದಾರಿ ಬಿಟ್ಟರು. ಉಳ್ಳಾಗಡ್ಡಿ ಸಿಪ್ಪೆಯ ರಾಶಿಯನ್ನು ಸೀಳಿಕೊಂಡು ಸೈಕಲ್ ಒಳಗೆ ನುಗ್ಗಿ, ಬಾಳಪ್ಪನ ಗಾಳೆಯ ಮುಂದೆ ಒಟ್ಟಿದ್ದ ಖಾಲಿ ಗೋಣಿಚೀಲಗಳಿಗೆ ಮೂತಿ ಹಾಕಿ ನಿಂತಿತು. ರುದ್ರವ್ವ ಒಂದು ಕಡೆ, ಸಾಹೇಬರು ಒಂದು ಕಡೆ ಮೆತ್ತಗೆ ಹೂತರು.

ನಾಸಿಕದ ಇಬ್ಬರು ವ್ಯಾಪಾರಿಗಳ ಜೊತೆ ಮಾತಾಡುತ್ತಿದ್ದ ಬಾಳಪ್ಪ ಹೆಂಡತಿಯನ್ನು ನೋಡಿದ, ಬಿಳಿ ಪ್ಯಾಂಟಿನವರನ್ನು ನೋಡಿದ, ಮತ್ತೆ ಹೆಂಡತಿಯನ್ನು ನೋಡಿದ.

"ಏನ್ರೀ, ಇವ್ರು ನಮ್ಮ ತಮ್ಮನ ಸಾಹೇಬ್ರು," ಎಂದಳು ರುದ್ರವ್ವ ಚೀಲಗಳ ಮೇಲಿನಿಂದ.

ತಾರಾನಾಥ ಸೈಕಲ್ ಬಿಸಾಕಿ ಓಡಿ ಬಂದು ನಿಂತವನು ತನ್ನ ನೌಕರಿ ಹೋಯಿತೆಂದೇ ತಿಳಿದ. ಸರ್ವೋತ್ತಮರಾಯರ ಭುಜ ಅಲುಗುತ್ತಿತ್ತು. ಅವರು ಫೈಲನ್ನು ಎದೆಗೆ ಅವಚಿಕೊಂಡು ನಗುತ್ತಿದ್ದರು, ಕಣ್ಣಲ್ಲಿ ನೀರು ಬರುವಂತೆ, ಸದ್ದಿಲ್ಲದೆ. ಆಮೇಲೆ ಸದ್ದೂ ಬಂತು. ಅದು ಬಂದದ್ದೇ ಹಮಾಲರು, ವ್ಯಾಪಾರಿಗಳು ನಕ್ಕರು, ಕೊನೆಗೆ ಬಾಳಪ್ಪನೂ ನಕ್ಕ.

"ಇಳಿಜಾರಿನಲ್ಲಿ ಒಂದು ತಿರುವು ಹಾಕಿ ತಾರಾನಾಥ," ಎಂದರು ಸಾಹೇಬರು ಕೈಚಾಚಿ ಎಬ್ಬಿಸಿಕೊಳ್ಳುತ್ತ. "ಇಲ್ಲದಿದ್ದರೆ ಊರಿನವರೆಲ್ಲ ಗೋಣಿಚೀಲಕ್ಕೇ ಬಂದು ಬೀಳ್ತಾರೆ." ಮತ್ತೆ ರುದ್ರವ್ವನ ಕಡೆ ತಿರುಗಿ, "ಬಿಡುವಾದಾಗ ಇನ್ನೊಮ್ಮೆ ಕೂರಿಸ್ತೀರಾ?" ಎಂದು ಕೇಳಿದರು.

ಬಾಳಪ್ಪನೇ ಟೆಂಪೋ ಮಾಡಿಕೊಟ್ಟ. ಸಾಹೇಬರು ತಲೆಯಲ್ಲಿ ಉಳ್ಳಾಗಡ್ಡಿ ಸಿಪ್ಪೆ ಇಟ್ಟುಕೊಂಡೇ ಮೀಟಿಂಗಿಗೆ ಹೋದರು. ಅಲ್ಲಿ ಒಬ್ಬರು "ಈ ದಾರಿಯಲ್ಲಿ ಯಾರು ಓಡಾಡುತ್ತಾರೆ?" ಎಂದು ಕೇಳಿದಾಗ "ನಾನು. ಈಗ ಅದರಲ್ಲೇ ಬಂದೆ" ಎಂದರಂತೆ. ಹಾಗೆಂದು ನಕ್ಷೆಯ ಗೆರೆಗಳೆಲ್ಲ ಮಂಜೂರಾಗಲಿಲ್ಲ. ಬಸ್ ಸ್ಟ್ಯಾಂಡಿನ ಬಳಿಯ ಜಾಗ ಲಾರಿಯವರಿಗೇ ಹೋಯಿತು, ಶಾಲೆಯ ದಾರಿ ಮುಂದಿನ ವರ್ಷಕ್ಕೆ ಬಿತ್ತು. ಮಾರ್ಕೆಟ್ಟಿನ ದಾರಿ, ಖಾಡಿಯ ದಂಡೆಯ ದಾರಿ ಎರಡಕ್ಕೆ ಒಪ್ಪಿಗೆ ಸಿಕ್ಕಿತು. ತಾರಾನಾಥ ಆ ಸುದ್ದಿ ಹೇಳಲು ಕಚೇರಿಯಿಂದ ಮನೆಯವರೆಗೆ ಸೈಕಲಿನಲ್ಲೇ ಬಂದ. ಬರುವಾಗ ಎಲ್ಲ ತಿರುವುಗಳನ್ನೂ ಇಳಿಯದೆ ದಾಟಿದ್ದು ಮನೆ ಮುಟ್ಟಿದ ಮೇಲೆ ಅವನಿಗೆ ಹೊಳೆಯಿತು.

ಮಳೆ ಹಿಡಿಯುವ ಮುಂಚೆ ಎರಡೂ ದಾರಿ ಮುಗಿದವು. ಉದ್ಘಾಟನೆಗೆ ಯಾರನ್ನೂ ಕರೆಯಲಿಲ್ಲ. ರೋಲರ್ ಹೊರಟುಹೋದ ಸಂಜೆಯೇ ಜನ ನಡೆಯತೊಡಗಿದರು. ಸೆಕ್ಟರಿನ ಹೆಂಗಸರು ಕೇಳಿದ್ದಕ್ಕೆ ಕಿಟ್ಟು ಠಾಣೆಗೆ ಹೋಗಿ ಇನ್ನಷ್ಟು ಲೇಡೀಸ್ ಸೈಕಲ್ ತಂದ.

ಆ ಭಾನುವಾರ ರುದ್ರವ್ವ, ಸತ್ಯಮ್ಮ, ಬಾಳಪ್ಪ, ತಾರಾನಾಥ ದಂಡೆಯ ದಾರಿ ಹಿಡಿದರು. ಬಾಳಪ್ಪ ನಡೆದೇ ಬಂದ. ವಾಶಿಗೆ ಬಂದು ವರ್ಷಗಳಾದರೂ ರುದ್ರವ್ವ ಖಾಡಿಯನ್ನು ಬಸ್ಸಿನ ಕಿಟಕಿಯಿಂದ ಬಿಟ್ಟರೆ ಕಂಡವಳಲ್ಲ. ದಾರಿ ಮುಗಿದಲ್ಲಿ ಅವಳು ಇಳಿದು ಸೈಕಲನ್ನು ಗಂಡನ ಕೈಗೆ ಕೊಟ್ಟಳು. ಭರತದ ನೀರು ಏರುತ್ತಿತ್ತು. ಕೋಳಿಯರೆಂಬ ಮೀನುಗಾರರ ದೋಣಿಗಳು ಒಂದೊಂದಾಗಿ ಕೆಸರಿನಿಂದ ಎದ್ದು ತೇಲತೊಡಗಿದ್ದವು. ದೋಣಿಯಲ್ಲಿದ್ದ ಒಬ್ಬ ಹೆಂಗಸು ಇವರನ್ನು ನೋಡಿ ಕೈ ಬೀಸಿದಳು.

ರುದ್ರವ್ವನೂ ಎರಡೂ ಕೈ ಎತ್ತಿ ಬೀಸಿದಳು. "ಬಾಯೀ, ಇಧರ್ ಆವೋ! ರಸ್ತಾ ಹೋ ಗಯಾ!" ದಾರಿ ಆಯಿತು, ಈಚೆ ಬಾ ಎಂದು ತನಗೆ ಬಂದಷ್ಟು ಹಿಂದಿಯಲ್ಲಿ ಕೂಗಿದಳು. ದೋಣಿಯವಳು ಹುಟ್ಟು ತಿರುಗಿಸಿ ದಂಡೆಯ ಕಡೆಗೆ ಹಾಕತೊಡಗಿದಳು.