ಎರಡನೇ ಸಲ ಊದಿದಾಗ

"ತಿರುವಿನಲ್ಲಿ ತಲೆ ಕಡೆ ಎತ್ತಿ, ಗೋಡೆಗೆ ತಾಗತ್ತೆ!" ಎನ್ನುತ್ತ ಮಗಳು ಮುಂದೆ ಮೆಟ್ಟಿಲಿಳಿದಳು. ಹಿಂದೆ ನಾಲ್ವರ ಕೈಯಲ್ಲಿ ಅಪ್ಪ ಇಳಿಯುತ್ತಿದ್ದ. ನಿನ್ನೆ ಸಂಜೆ ಯಾರದೋ ಮಾತಿಗೆ ಬಿದ್ದು ಬಿದ್ದು ನಕ್ಕವನು, ಬೆಳಗಾಗುವಷ್ಟರಲ್ಲಿ ನಿದ್ದೆಯಲ್ಲೇ ಹೋಗಿಬಿಟ್ಟಿದ್ದ.

ಬಾಗಿಲಲ್ಲಿ ಅವನ ಹಳೆಯ ಜತೆಗಾರ, ಬೇಕರಿಯ ಒಲೆ ನೋಡಿಕೊಳ್ಳುತ್ತಿದ್ದವನು, ಏದುಸಿರು ಬಿಡುತ್ತ ನಿಂತಿದ್ದ.

"ನಿಮ್ಮಪ್ಪ ಬನ್ನಣ್ಣನ ಕತೆ ಮುಗೀತು ಅಂತ ಇಪ್ಪತ್ತು ವರ್ಷದ ಹಿಂದೇನೇ ಎಲ್ರೂ ಷರಾ ಬರೆದಿದ್ರು ತಾಯಿ. ಎಪ್ಪತ್ತು ದಾಟಿಬಿಟ್ಟ ನೋಡು!"

* * *

ಆಗ ಅಪ್ಪನಿಗೆ ಐವತ್ತೂ ಆಗಿರಲಿಲ್ಲ. ಬೇಕರಿಯಲ್ಲಿ ಹಿಟ್ಟು ನಾದುತ್ತಲೇ ಕೆಮ್ಮಿ ಕೆಮ್ಮಿ ಕುಸಿದು ಕೂರುತ್ತಿದ್ದ. ಬೀಡಿ ಸೇದಿ ಎದೆ ಸುಟ್ಟುಕೊಂಡ ಎಂದು ಅಮ್ಮ ಸಿಡುಕುತ್ತಿದ್ದಳು. ಅವನೂ ಹಾಗೇ ನಂಬಿ ಆಸೆ ಬಿಟ್ಟಿದ್ದ. ಆಸ್ಪತ್ರೆಗೆ ಎಳೆದೊಯ್ದವಳು ಮಗಳು.

"ಇನ್ನೂ, ಇನ್ನೂ, ಬಿಡಬೇಡಿ!" ಎಂದು ನರ್ಸಮ್ಮ ಹುರಿದುಂಬಿಸಿದಂತೆ ಅಪ್ಪ ಉಸಿರು ಅಳೆಯುವ ಯಂತ್ರದ ಕೊಳವೆಯೊಳಗೆ ಊದಿದ. ಪರದೆಯ ಮೇಲಿನ ಗೆರೆ ತಲೆಯೆತ್ತಲೇ ಇಲ್ಲ. ಆಮೇಲೆ ಔಷಧಿಯನ್ನು ಉಸಿರಿನ ಜತೆ ಒಳಗೆಳೆಸಿ, ಸ್ವಲ್ಪ ಹೊತ್ತು ಕೂರಿಸಿ, ಮತ್ತೆ ಊದಿಸಿದರು. ಈ ಸಲ ಗೆರೆ ಜಿಗಿದು ಮೇಲೆದ್ದಿತು.

"ಶ್ವಾಸನಾಳ ಹಾಳಾಗಿಲ್ಲ, ಬಿಗಿದ್ಕೊಳ್ತಿದೆ. ಔಷಧಿಗೆ ಬಿಟ್ಕೊಳ್ತು ನೋಡಿ. ಇದು ಅಸ್ತಮಾ," ಎಂದರು ಡಾಕ್ಟರಮ್ಮ. "ಕೆಲಸಕ್ಕೆ ರಜೆ ಇದ್ದಾಗ ಹೇಗಿರತ್ತೆ?"

"ಆರಾಮಾಗಿರ್ತೀನಿ."

"ಹಾಗಾದ್ರೆ ಹಿಟ್ಟಿನ ಧೂಳಿನ ಮೇಲೆ ನನಗೆ ಅನುಮಾನ. ಬೀಡಿಯನ್ನಂತೂ ಬಿಡಲೇಬೇಕು."

ಅಪ್ಪ ಹಿಟ್ಟಿನ ಕೆಲಸ, ಬೀಡಿ ಎರಡನ್ನೂ ಬಿಟ್ಟ. ಔಷಧಿ ಮಾತ್ರ ತಪ್ಪಿಸಲಿಲ್ಲ. ಸೈಕಲ್ಲಿಗೆ ಬುಟ್ಟಿ ಕಟ್ಟಿ, ಬೀದಿ ಬೀದಿಯಲ್ಲಿ ಬನ್ನು ಮಾರಿದ. ಕೂಗಿ ಮಾರುವಷ್ಟು ಉಸಿರು ಅವನಿಗೆ ಬಂದಿತ್ತು.

* * *

ಸ್ಮಶಾನದ ಏರಿನಲ್ಲಿ ಬೇಕರಿಯ ಒಲೆಯವನು ಏದುಸಿರು ಬಿಡುತ್ತ ದೀಪದ ಕಂಬ ಹಿಡಿದು ನಿಂತುಬಿಟ್ಟ. ಮಗಳು ಅವನ ಬಳಿ ಬಂದಳು.

"ಚಿಕ್ಕಪ್ಪ, ನೀವು ಆಸ್ಪತ್ರೆಗೆ ಹೋಗಿ ಒಂದು ಸಲಾನಾದ್ರೂ ಊದಿ ನೋಡಿದ್ದೀರಾ?"

"ನಂದು ಒಲೆ ಹೊಗೆಯದ್ದೇ ಬಿಡು. ಇನ್ನೇನಿದೆ ಊದೋಕೆ?"

"ಅಪ್ಪಾನೂ ಹೀಗೇ ಅಂತಿದ್ರು. ನಿಮ್ಮದು ಬೇರೇನೇ ಇರಬಹುದು. ಹೊಗೆಯದ್ದೇ ಆದ್ರೂ ಅದಕ್ಕೂ ಔಷಧಿ ಇದೆ. ಯಾವುದು ಅಂತ ತಿಳೀದೆ ಕೈಚೆಲ್ಲಿ ಕೂತ್ರೆ ಹೇಗೆ?"

ಉಸಿರು ಹತೋಟಿಗೆ ಬಂದ ಮೇಲೆ ಅವನು ಕೇಳಿದ: "ನೀನೂ ಬರ್ತೀಯಾ?"

"ನಾಡಿದ್ದೇ ಹೋಗೋಣ."

ಅಪ್ಪನನ್ನು ಹೊತ್ತು ಮುಂದೆ ಹೋಗಿದ್ದವರು ತಿರುಗಿ ನೋಡಿದರು. "ನಿಂತ್ಕೊಳ್ಳಿ," ಎಂದು ಮಗಳು ಕೂಗಿದಳು, "ಅಪ್ಪನಿಗೇನೂ ಅವಸರವಿಲ್ಲ!" ಅವರ ಹಿಂದೆ ಅಳುತ್ತ ಬರುತ್ತಿದ್ದ ಅಮ್ಮನಿಗೂ ನಗು ಬಂತು.

ಒಲೆಯವನು ಅವಳ ತೋಳು ಹಿಡಿದು ಒಂದು ಹೆಜ್ಜೆ ಇಟ್ಟ, ನಿಂತ, ಮತ್ತೊಂದು ಇಟ್ಟ. ಹೊತ್ತವರೂ ಅಷ್ಟೇ ಪುಟ್ಟ ಹೆಜ್ಜೆ ಹಾಕಿದರು. ಮೆರವಣಿಗೆ ಪೂರ್ತಿ ಅವನ ಉಸಿರಿನ ಲಯಕ್ಕೆ ನಿಂತು, ನಡೆದು, ನಿಂತು ಏರು ಹತ್ತಿತು.