ಇಳಿಸಬಾರದ ಕೊಡ, ಇಳಿಸಬೇಕಾದ ಕಲ್ಲು

ನಾನು ಒಂದು ತೂಕದ ಕಲ್ಲು. ಜನ ಕಲ್ಲೆಂದು ಕರೆದರೂ ನನ್ನ ಮೈಯಲ್ಲಿ ಕಲ್ಲಿನ ಕಣವೂ ಇಲ್ಲ. ನಾನು ಅಪ್ಪಟ ಎರಕದ ಕಬ್ಬಿಣ. ಭದ್ರೆಯ ದಡದ ಒಂದು ಎರಕದ ಮನೆಯಲ್ಲಿ, ಕುಲುಮೆಯಿಂದ ಕೆಂಪು ದ್ರವವಾಗಿ ಹರಿದು, ಮರಳಿನ ಅಚ್ಚಿನೊಳಗೆ ಮೈತಳೆದೆ. ಆರು ಮುಖಗಳ ದೇಹ, ನೆತ್ತಿಯ ಮೇಲೆ ಕಮಾನಿನಂಥ ಹಿಡಿ, ಅಡಿಯಲ್ಲೊಂದು ಕುಳಿ. ಆ ಕುಳಿಗೆ ಸೀಸ ಹೊಯ್ದು, ಅಧಿಕಾರಿಯೊಬ್ಬರು ಸರ್ಕಾರದ ಮುದ್ರೆಯೊತ್ತಿದರು. ವಟುವಿಗೆ ಉಪನಯನ ಹೇಗೋ ನನಗೆ ಆ ಮುದ್ರೆ ಹಾಗೆ. ಅಂದಿನಿಂದ ನಾನು ಹತ್ತು ಕಿಲೋ. ಗುಲಗಂಜಿಯಷ್ಟು ಹೆಚ್ಚಲ್ಲ, ಗುಲಗಂಜಿಯಷ್ಟು ಕಡಿಮೆಯಲ್ಲ.

ನನ್ನ ಯೌವನವೆಲ್ಲ ಕಳೆದುದು ಮಂಡ್ಯದ ಬೆಲ್ಲದ ಅಂಗಡಿಯಲ್ಲಿ. ಒಡೆಯರು ಶಾಂತವೀರಪ್ಪನವರು. ಅವರ ಮುಖವನ್ನು ನಾನು ಕಂಡದ್ದು ಅಪರೂಪ; ನನ್ನ ಲೋಕವೆಲ್ಲ ಮನುಷ್ಯರ ಪಾದಗಳ ಎತ್ತರದ್ದು. ತಕ್ಕಡಿಯ ಒಂದು ತಟ್ಟೆಯಲ್ಲಿ ನಾನು, ಇನ್ನೊಂದರಲ್ಲಿ ಬೆಲ್ಲ. ಬೆಲ್ಲ ಬರುತ್ತಿತ್ತು, ಹೋಗುತ್ತಿತ್ತು. ನಾನು ಮಾತ್ರ ಇದ್ದಲ್ಲೇ ಇರುತ್ತಿದ್ದೆ. "ಇವ್ನು ಹೇಳಿದ್ಮೇಲೆ ಮುಗೀತು ಕಣ್ಲಾ, ಎರಡು ಮಾತಿಲ್ಲ" ಎಂದು ಹಮಾಲರು ನನ್ನ ನೆತ್ತಿ ತಟ್ಟುತ್ತಿದ್ದರು. ಆ ಮಾತು ನನ್ನ ತಲೆಗೇರಿತು. ಜಗತ್ತಿನ ಸತ್ಯವೆಲ್ಲ ತೂಕದಲ್ಲಿದೆ, ಆ ತೂಕ ನನ್ನಲ್ಲಿದೆ ಎಂದು ನಂಬಿದೆ. ಒಂದೇ ಒಂದು ಕೊರಗೆಂದರೆ, ಕೆಲಸ ಮುಗಿದೊಡನೆ ಎಲ್ಲರೂ ನನ್ನನ್ನು ಧೊಪ್ಪನೆ ಎಸೆಯುತ್ತಿದ್ದರು. ಮೆಲ್ಲಗೆ ಇಳಿಸಿದ ಕೈಯನ್ನು ನಾನು ಅಲ್ಲಿ ಕಾಣಲಿಲ್ಲ.

ಅಂಗಡಿಗೆ ವಿದ್ಯುತ್ತಿನ ತಕ್ಕಡಿ ಬಂದ ವರ್ಷ ನಮ್ಮ ಬಳಗ ಚದುರಿತು. ಅಣ್ಣಂದಿರು ಗುಜರಿಗೆ ಹೋದರು. ನನ್ನನ್ನು ಮಾತ್ರ ಶಾಂತವೀರಪ್ಪನವರು, ಕಪಿಲಾ ತೀರದ ಒಂದು ಚಿಕ್ಕ ಗೋಪಾಲಕೃಷ್ಣನ ಗುಡಿಗೆ, ನೈವೇದ್ಯದ ಅಕ್ಕಿ ತೂಗಲೆಂದು ಒಪ್ಪಿಸಿದರು. ಅಲ್ಲಿಯೂ ಕಾಲ ನನ್ನನ್ನು ಬೆನ್ನಟ್ಟಿ ಬಂದಿತು. ಕೆಲವು ವರ್ಷಗಳಲ್ಲಿ ಅಲ್ಲಿಗೂ ಹೊಸ ತಕ್ಕಡಿ ಬಂದು, ನಾನು ಗುಡಿಗೆ ಅಂಟಿಕೊಂಡಿದ್ದ ಅರ್ಚಕರ ಮನೆಯ ಅಡುಗೆಮನೆ ಸೇರಿದೆ. ಉಪ್ಪಿನಕಾಯಿಯ ಜಾಡಿಗೆ ಮುಚ್ಚಿದ ಹಲಗೆಯ ಮೇಲೆ ಕುಳಿತುಕೊಳ್ಳುವುದೇ ನನ್ನ ಉದ್ಯೋಗವಾಯಿತು. ಮುದ್ರೆಯ ಸೀಸ ಸಡಿಲವಾಗಿತ್ತು. ಹಿಡಿಯ ಸಂದಿಯಲ್ಲಿ ತುಕ್ಕು ಇಣುಕಿತ್ತು.

ಅರ್ಚಕರು ಜಯತೀರ್ಥಾಚಾರ್ಯರು, ಅವರ ಮಡದಿ ಅಂಬುಜಮ್ಮ. ಆ ಗುಡಿಗೆ ಒಂದು ಸಂಪ್ರದಾಯವಿತ್ತು. ಸ್ವಾಮಿಯ ಅಭಿಷೇಕಕ್ಕೆ ಹೊಳೆಯ ನೀರೇ ಆಗಬೇಕು. ಅದನ್ನು ಅರ್ಚಕರ ಮನೆಯ ಹಿರಿಯ ಸೊಸೆ ಹಿತ್ತಾಳೆಯ ಕೊಡದಲ್ಲಿ ತರಬೇಕು. ತುಂಬಿದ ಕೊಡ ಗರ್ಭಗುಡಿಯ ಹೊಸಿಲು ಮುಟ್ಟುವವರೆಗೆ ಎಲ್ಲಿಯೂ ನೆಲ ಸೋಕಬಾರದು. ಸೋಕಿದರೆ ಆ ನೀರು ತುಳಸಿಯ ಕಟ್ಟೆಗೆ. ಮತ್ತೆ ಹೊಳೆಗಿಳಿದು ಹೊಸದಾಗಿ ತುಂಬಬೇಕು. ಅತ್ತೆಯ ಸೊಂಟದಿಂದ ತನ್ನ ಸೊಂಟಕ್ಕೆ ಬಂದ ಆ ಕೊಡವನ್ನು ಅಂಬುಜಮ್ಮ ತವರಿನ ಒಡವೆಗಿಂತ ಹೆಚ್ಚಾಗಿ ಪ್ರೀತಿಸುತ್ತಿದ್ದಳು.

ಆದರೆ ವಯಸ್ಸು ಐವತ್ತರ ಸಮೀಪಕ್ಕೆ ಬಂದಂತೆ ಆಕೆಯ ಮೈ ಬೆಳೆಯಿತು. ದಿನವೂ ಉಳಿಯುವ ಪೊಂಗಲು, ಹಬ್ಬಗಳ ಹೂರಣ. ಚೆಲ್ಲಿದರೆ ಪ್ರಸಾದಕ್ಕೆ ಅಪಚಾರವೆಂಬ ಭಯ ಬೇರೆ. ಮೊಣಕಾಲುಗಳು ನರಳತೊಡಗಿದವು. ಬೆಳಗಿನ ಆಕೆಯ ಹೆಜ್ಜೆಯ ಸದ್ದಿನಲ್ಲಿ ನಾನು ಆ ನೋವನ್ನು ಕೇಳುತ್ತಿದ್ದೆ. ಮೊಣಕಾಲಿನ ಹೊರೆ ತಗ್ಗಬೇಕು, ಮೈಯ ಕೊಬ್ಬು ಕರಗಬೇಕು ಎಂದು ಪೇಟೆಯ ವೈದ್ಯೆ ತಿಳಿಸಿದರು.

ಆ ಮಾತು ಅಂಬುಜಮ್ಮನ ಕಿವಿಗೆ ವ್ರತಸಂಕಲ್ಪವಾಗಿ ಕೇಳಿಸಿತು. ಆಗ ಚಾತುರ್ಮಾಸ್ಯ ಆರಂಭವಾಗಿತ್ತು. ಅಂಥ ಮಡಿವಂತ ಮನೆಗಳಲ್ಲಿ ಮೊದಲ ತಿಂಗಳು ತರಕಾರಿಯನ್ನೂ, ಎರಡನೆಯದರಲ್ಲಿ ಮೊಸರನ್ನೂ, ಮೂರನೆಯದರಲ್ಲಿ ಹಾಲನ್ನೂ, ನಾಲ್ಕನೆಯದರಲ್ಲಿ ಬೇಳೆಕಾಳನ್ನೂ ಬಿಡುವುದು ಪದ್ಧತಿ. ಒಂದು ಬಿಟ್ಟಾಗ ಉಳಿದ ಮೂರು ದೇಹವನ್ನು ಕಾಯಲೆಂದು ಹಿರಿಯರು ಹಾಗೆ ಹಂಚಿದ್ದರೇನೋ. ಅಂಬುಜಮ್ಮ ನಾಲ್ಕು ತಿಂಗಳೂ ನಾಲ್ಕನ್ನೂ ಒಟ್ಟಿಗೇ ಬಿಟ್ಟಳು. ಅದರ ಮೇಲೆ ಏಕಾದಶಿ, ಶನಿವಾರದ ಒಪ್ಪೊತ್ತು. ಮನೆಗೆ ತಂದಿದ್ದ ಗಾಜಿನ ತೂಕದ ಯಂತ್ರವನ್ನು ಹತ್ತಿ ಇಳಿದು, "ಏನೂಂದ್ರೆ, ಮತ್ತೆ ಇಳೀತು ನೋಡಿ!" ಎಂದು ಹಿಗ್ಗುತ್ತಿದ್ದಳು. ನಾನೂ ಹಿಗ್ಗಿದೆ. ಯಂತ್ರ ನನ್ನ ಕುಲದ್ದೇ ಅಲ್ಲವೇ, ಸುಳ್ಳು ನುಡಿಯುವುದುಂಟೆ? ನಿಜಕ್ಕೂ ಅದು ಸುಳ್ಳು ನುಡಿಯಲಿಲ್ಲ. ಎಷ್ಟು ಹೋಯಿತೆಂದು ಹೇಳಿತು. ಏನು ಹೋಯಿತೆಂದು ಹೇಳಲಿಲ್ಲ.

ಉತ್ಥಾನ ದ್ವಾದಶಿಯ ಬೆಳಗ್ಗೆ ಹೊಳೆಯ ಮೆಟ್ಟಿಲ ಕಡೆಯಿಂದ ಹಿತ್ತಾಳೆ ಉರುಳಿದ ಸದ್ದು ಕೇಳಿಸಿತು. ಬಹಳ ಹೊತ್ತಿನ ಮೇಲೆ ಅಂಬುಜಮ್ಮ ಪತಿಯ ಹೆಗಲು ಹಿಡಿದು ಒಳಗೆ ಬಂದಳು. ಕೊಡದ ಹೊಟ್ಟೆ ನೆಗ್ಗಿತ್ತು. ಆಕೆಗೆ ಗಾಯವಾಗಿರಲಿಲ್ಲ, ಕಾಲು ಸುಮ್ಮನೆ ಕೈಬಿಟ್ಟಿತ್ತು.

"ನಾಳೆಯಿಂದ ನಲ್ಲಿ ನೀರೇ ಹಿಡಿಯೋಣ ಕಣೇ. ಅದೂ ಕಪಿಲೆಯದೇ ಅಲ್ವೇ? ಸ್ವಾಮಿ ಬೇಡ ಅಂತಾನೆಯೇ?" ಎಂದರು ಆಚಾರ್ಯರು, ಆಕೆಯ ಪಾದಕ್ಕೆ ಎಣ್ಣೆ ತಿಕ್ಕುತ್ತ.

"ಸ್ವಾಮಿ ಬೇಡ ಅನ್ನಲ್ಲ. ನನಗೆ ಬೇಡ" ಎಂದಳು ಅಂಬುಜಮ್ಮ. "ಅತ್ತೆ ಕೊಟ್ಟ ಕೊಡ ನನ್ನ ಕೈಯಲ್ಲೇ ನಿಂತುಹೋಗೋದು ಬೇಡ. ರಾಮನವಮಿವರೆಗೆ ಅವಕಾಶ ಕೊಡಿ. ಆಗಲೂ ಆಗದಿದ್ರೆ, ನಲ್ಲಿಗೆ ನಾನೇ ಅರಿಶಿನ ಕುಂಕುಮ ಇಡ್ತೀನಿ."

ಆಚಾರ್ಯರು ಒಪ್ಪಿದರು. ಅಲ್ಲಿಯವರೆಗೆ ಆಕೆ ಒಂದು ತಂಬಿಗೆಯಷ್ಟೇ ಹೊಳೆಯ ನೀರು ತರುವುದೆಂದಾಯಿತು.

ಆ ವಾರವೇ ಆಚಾರ್ಯರ ತಂಗಿ ಸುಲೋಚನಾ ಮೈಸೂರಿನಿಂದ ಬಂದಿಳಿದಳು. ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ವ್ಯಾಯಾಮದ ಅಧ್ಯಾಪಕಿಯಾಗಿದ್ದವಳು. ಕೊರಳಲ್ಲಿ ಈಗ ಸೀಟಿ ಇಲ್ಲದಿದ್ದರೂ ಕಂಠದಲ್ಲಿ ಇತ್ತು. ಅತ್ತಿಗೆಯ ತೋಳನ್ನು ಒತ್ತಿ ನೋಡಿ, ಹಣೆ ಚಚ್ಚಿಕೊಂಡಳು.

"ಅತ್ತಿಗೆ, ನೀವು ಉಪವಾಸ ಮಾಡಿ ಕರಗಿಸಿದ್ದು ಬರೀ ಕೊಬ್ಬಲ್ಲ. ಕೊಡ ಹೊರೋ ಮಾಂಸಖಂಡಾನೂ ಕರಗಿಸಿದ್ದೀರಿ. ಕಳ್ಳರನ್ನ ಓಡಿಸೋಕೆ ಅಂತ ಕಾವಲುಗಾರನ ಊಟಾನೂ ನಿಲ್ಲಿಸಿದ ಹಾಗಾಯ್ತು."

"ಹಾಗಾದ್ರೆ ಹೊಟ್ಟೆ ತುಂಬ ತಿಂದು ಕರಗಿಸ್ತೀಯೇನೇ?"

"ಹೂಂ! ಅನ್ನ ಒಂದು ಹಿಡಿ ಕಡಿಮೆ. ಮೊಸರು, ಹೆಸರುಕಾಳು, ಕಡಲೆ ಉಸಲಿ ಎರಡು ಹಿಡಿ ಜಾಸ್ತಿ. ಪೊಂಗಲು ಸ್ವಾಮಿಗೆ ತಟ್ಟೆ ತುಂಬ, ನಿಮಗೆ ಒಂದು ಚಮಚ. ಆಮೇಲೆ ಭಾರ ಎತ್ತಬೇಕು. ಕೊಬ್ಬು ಹೋಗಬೇಕಾದ್ರೆ ಬಲ ಉಳೀಬೇಕು. ಎಲ್ಲಿ, ಮನೇಲಿ ಭಾರದ್ದೇನಿದೆ?"

"ನಿಮ್ಮಣ್ಣನ ಹೊಟ್ಟೆ" ಎಂದಳು ಅಂಬುಜಮ್ಮ. ಸುಲೋಚನಾ ನಕ್ಕು ಅಡುಗೆಮನೆಯೆಲ್ಲ ತಡಕಿ, ಜಾಡಿಯ ಮೇಲಿದ್ದ ನನ್ನನ್ನು ಎತ್ತಿಕೊಂಡಳು.

"ಅಯ್ಯೋ, ಕಬ್ಬಿಣ ಎತ್ತಿ ಬೆವರಿದ್ರೆ ಮಡಿ ಕೆಡುತ್ತೆ" ಎಂದು ಅತ್ತಿಗೆ ಕೂಗಿದಳು.

"ಸ್ನಾನಕ್ಕೆ ಮುಂಚೆ ಎತ್ತಿ. ಬೆವರೂ ಹೋಗುತ್ತೆ, ಮಡಿಯೂ ಉಳಿಯುತ್ತೆ."

ವೈದ್ಯೆಯನ್ನು ಕೇಳಿ, ಅವರು ಒಪ್ಪಿದ ಮೇಲೆಯೇ ಅಭ್ಯಾಸ ಮೊದಲಾಯಿತು. ಆರಂಭದಲ್ಲಿ ನನಗೆ ಕೆಲಸವಿರಲಿಲ್ಲ. ಮಣೆಯ ಮೇಲಿಂದಲ್ಲ, ಎತ್ತರದ ಕುರ್ಚಿಯಿಂದ ಏಳುವುದು, ಕೂರುವುದು, ಅಷ್ಟೆ. ಕೆಲವು ವಾರಗಳ ತರುವಾಯ ನನ್ನ ಸರದಿ ಬಂದಿತು. "ಬೆನ್ನು ನೆಟ್ಟಗಿರಲಿ, ಸೊಂಟದಿಂದ ಬಾಗಿ, ಕಾಲಿನ ಬಲದಿಂದ ಏಳಿ." ಅಂಬುಜಮ್ಮನ ಎರಡು ಬೆಚ್ಚನೆಯ ಅಂಗೈಗಳು ನನ್ನ ಹಿಡಿಯನ್ನು ಸುತ್ತಿದವು. ನಾನು ನೆಲ ಬಿಟ್ಟೆ.

ಎತ್ತಿದವಳು ಇಳಿಸಲೇ ಇಲ್ಲ. ತುಟಿ ಕಚ್ಚಿ, ಉಸಿರು ಬಿಗಿಹಿಡಿದು, ತೋಳು ಗಡಗಡ ನಡುಗಿದರೂ ನನ್ನನ್ನು ಎದೆಗವಚಿಕೊಂಡೇ ನಿಂತಳು.

"ಇಳಿಸಿ ಅತ್ತಿಗೆ! ಇಳಿಸಿ!"

"ನೆಲಕ್ಕಾ?"

"ಇನ್ನೆಲ್ಲಿಗೆ, ಗರ್ಭಗುಡಿಗಾ? ಇದು ತೀರ್ಥ ಅಲ್ಲ, ಬೆಲ್ಲದಂಗಡಿ ಕಲ್ಲು!"

ಮದುವೆಯಾಗಿ ಬಂದಂದಿನಿಂದ, ಎತ್ತಿದ ಭಾರವನ್ನು ನೆಲಕ್ಕಿಳಿಸುವುದು ಅಪರಾಧವೆಂದು ಆಕೆಯ ಕೈಗಳು ಕಲಿತಿದ್ದವು. ಆ ಕೈಗಳಿಗೆ ಬೇರೆ ಪಾಠ ಒಂದೇ ಮಾತಿಗೆ ಬರಲಿಲ್ಲ. ಕಡೆಗೆ ಸುಲೋಚನಾ ತಾನೇ ನನ್ನನ್ನು ಕಿತ್ತುಕೊಂಡು ಧೊಪ್ಪನೆ ಕೆಳಗಿಟ್ಟಳು. ಆಮೇಲೆ ಪಕ್ಕದಲ್ಲಿ ಕುಳಿತು ಮೃದುವಾಗಿ ವಿವರಿಸಿದಳು: "ನಿಧಾನವಾಗಿ ಇಳಿಸೋದೂ ಸಾಧನೆಯೇ ಅತ್ತಿಗೆ. ಎತ್ತುವಾಗ ಎಷ್ಟು ಶ್ರದ್ಧೆಯೋ ಇಳಿಸುವಾಗಲೂ ಅಷ್ಟೇ. ಆಮೇಲೆ ಒಂದು ದಿನ ಬಿಡುವು. ಬಲ ಬೆಳೆಯೋದು ಆ ಬಿಡುವಿನಲ್ಲಿ."

ಅಂಬುಜಮ್ಮ ಬಾಗಿ ನನ್ನ ಹಿಡಿಯನ್ನು ಬೆರಳಿನಿಂದ ಸವರಿದಳು. ಅತ್ತೆಯ ಕಾಯಿಲೆ, ಪತಿಯ ಸಂಸಾರ, ಗುಡಿಯ ಮಡಿ, ಹಬ್ಬದ ಅಡುಗೆ: ಯಾವುದನ್ನು ಆಕೆ ಒಂದು ಗಳಿಗೆ ಕೆಳಗಿಟ್ಟಿದ್ದಳು? ಕಣ್ಣೀರಿನ ಒಂದು ಹನಿ ನನ್ನ ನೆತ್ತಿಯ ಮೇಲೆ ಬಿದ್ದಿತು. ಅನಂತರ ಆಕೆ ನನ್ನನ್ನು ಎತ್ತಿ, ಮಲಗಿದ ಕೂಸನ್ನು ತೊಟ್ಟಿಲಿಗೆ ಹಾಕುವಂತೆ ನೆಲಕ್ಕಿಳಿಸಿದಳು. ನನ್ನ ಜನ್ಮದಲ್ಲೇ ಮೊದಲ ಬಾರಿಗೆ ನಾನು ಸದ್ದಿಲ್ಲದೆ ನೆಲ ಮುಟ್ಟಿದೆ.

ಮಾಘಮಾಸದಲ್ಲಿ ಹೊಸದೊಂದು ಸಂಕಟ ಬಂದಿತು. ಗಾಜಿನ ಯಂತ್ರ ಹಟ ಹಿಡಿದಂತೆ ಒಂದೇ ಅಂಕಿಯನ್ನು ತೋರಿಸತೊಡಗಿತು. "ಒಂದು ಕಿಲೋನೂ ಇಳಿದಿಲ್ಲ ಸುಲೋಚನಾ. ನಾಳೆಯಿಂದ ಮತ್ತೆ ಒಪ್ಪೊತ್ತು" ಎಂದು ಅಂಬುಜಮ್ಮ ಕುಸಿದು ಕುಳಿತಳು. ನನ್ನ ಎದೆಯೂ ಕುಸಿಯಿತು; ಅಂಕಿಯ ಮಾತನ್ನು ಅಲ್ಲಗಳೆಯಲು ನನ್ನ ಹುಟ್ಟುಗುಣ ಬಿಡದು.

ಸುಲೋಚನಾ ದೇವರ ಮನೆಯಿಂದ ಹೂ ಕಟ್ಟುವ ದಾರವೊಂದನ್ನು ತಂದಳು. ಮೊದಲ ದಿನವೇ ಅತ್ತಿಗೆಯ ಸೊಂಟ ಸುತ್ತಿ ಗಂಟು ಹಾಕಿಟ್ಟಿದ್ದ ದಾರ. ಈಗ ಸುತ್ತಿದರೆ ಗಂಟಿನವರೆಗೆ ನಾಲ್ಕು ಬೆರಳಿನಷ್ಟು ದಾರ ಮಿಕ್ಕಿತು.

"ಇದು ಎಲ್ಲಿಂದ ಬಂತು? ದಾರ ಬೆಳೀತಾ?" ಎಂದು ಸುಲೋಚನಾ ಕೇಳಿದಳು.

"ಅದಕ್ಕೇ ಸೀರೆಗೆ ಒಂದು ನೆರಿಗೆ ಹೆಚ್ಚು ಬರ್ತಿದೆ! ನಾನು, ಒಗೆದು ಒಗೆದು ಸೀರೆ ಹಿಗ್ಗಿದೆ ಅಂದ್ಕೊಂಡಿದ್ದೆ" ಎಂದು ಅಂಬುಜಮ್ಮ ಕಣ್ಣರಳಿಸಿದಳು.

"ಕೊಬ್ಬು ಹೋಗಿದೆ, ಆ ಜಾಗಕ್ಕೆ ಬಲ ಬಂದಿದೆ. ಯಂತ್ರಕ್ಕೆ ಎರಡೂ ಒಂದೇ. ನಿಮ್ಮ ಮೊಣಕಾಲಿಗೆ ಒಂದೇ ಏನು?"

ಆ ಪ್ರಶ್ನೆ ನನ್ನನ್ನೂ ಕೇಳಿದಂತಿತ್ತು. ಹತ್ತು ಕಿಲೋ ಬೆಲ್ಲ, ಹತ್ತು ಕಿಲೋ ಮಣ್ಣು ಎರಡಕ್ಕೂ ನಾನು ಒಂದೇ ಉತ್ತರ ಹೇಳಿದವನು. ಅಂದು ನನ್ನ ಹಳೆಯ ಅಹಂಕಾರ ಸದ್ದಿಲ್ಲದೆ ಕರಗಿತು.

ಫಾಲ್ಗುಣದಲ್ಲಿ ಅಂಬುಜಮ್ಮ ನನ್ನನ್ನು ಬಟ್ಟೆಯ ಚೀಲಕ್ಕೆ ಹಾಕಿ, ಸೊಂಟಕ್ಕೇರಿಸಿ, ಹೊಳೆಯ ಮೆಟ್ಟಿಲು ಹತ್ತತೊಡಗಿದಳು. ಮೊದಮೊದಲು ಎರಡು ಕಡೆ ಕುಳಿತಳು, ಅನಂತರ ಒಂದು ಕಡೆ. ಕಪಿಲೆಯನ್ನು ನಾನು ಕಂಡದ್ದು ಆಗಲೇ. ಆಚಾರ್ಯರು ನಮ್ಮ ಹಿಂದೆ ಬರಿಗೈಯಲ್ಲಿ ಏದುಸಿರು ಬಿಡುತ್ತ ಬರುತ್ತಿದ್ದರು.

"ಸ್ವಲ್ಪ ನಿಲ್ಲೇ!"

"ನಿಲ್ಲಬಹುದು, ಇಳಿಸೋ ಹಾಗಿಲ್ಲ. ನಾಳೆಯಿಂದ ನೀವೂ ಕಲ್ಲು ಎತ್ತಿ" ಎಂದು ಆಕೆ ನಕ್ಕಳು.

ರಾಮನವಮಿಯ ಮುಂಜಾನೆ ನೆಗ್ಗು ತೆಗೆಸಿದ ಕೊಡ ಹೊರಗೆ ಬಂದಿತು. ಅಂದು ನನಗೆ ಅಂಗಳವೇ ಗತಿ. ಆಕೆಯ ಹೆಜ್ಜೆಗಳು ಹೊಳೆಯತ್ತ ಇಳಿದುಹೋದವು. ಜಗಲಿಯ ಮೇಲೆ ಸುಲೋಚನಾ ಉಗುರು ಕಚ್ಚುತ್ತಿದ್ದಳು. ಗುಡಿಯ ಬಾಗಿಲಲ್ಲಿ ಆಚಾರ್ಯರು ಮಂತ್ರ ಮರೆತು ನಿಂತಿದ್ದರು. ನಾನು ಹಿತ್ತಾಳೆ ಕಲ್ಲಿಗೆ ತಾಗುವ ಸದ್ದಿಗಾಗಿ, ಅದು ಕೇಳಿಸದಿರಲೆಂದು, ಕಾದೆ.

ಒದ್ದೆ ಪಾದಗಳು ಬಂದವು. ಮೆಟ್ಟಿಲ ನಡುವೆ ಒಮ್ಮೆ ನಿಂತವು. ಸುಲೋಚನಾ ಎದ್ದು ನಿಂತಳು. ಒಂದು ದೀರ್ಘ ಶ್ವಾಸ ಕೇಳಿಸಿತು, ಅಷ್ಟೇ, ಹಿತ್ತಾಳೆಯ ಸದ್ದಿಲ್ಲ. ಪಾದಗಳು ಮತ್ತೆ ಮೇಲೇರಿ, ನನ್ನ ಪಕ್ಕದಲ್ಲೇ ಹಾದು, ಗುಡಿಯೊಳಕ್ಕೆ ಹೋದವು. ತುಸು ಹೊತ್ತಿನಲ್ಲಿ, ಸ್ವಾಮಿಯ ಶಿರದ ಮೇಲೆ ಹೊಳೆಯ ನೀರು ಸುರಿಯುವ ಧ್ವನಿಯೊಡನೆ ಆಚಾರ್ಯರ ಮಂತ್ರ ಮೇಲೆದ್ದಿತು. ಸುಲೋಚನಾ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಈಗ ನನಗೆ ವಯಸ್ಸಾಗಿದೆ. ಸೀಸದ ಮುದ್ರೆ ಉದುರಿಹೋಗಿದೆ. ತುಕ್ಕು ನನ್ನನ್ನು ಕೊಂಚ ಕೊಂಚವೇ ತಿಂದಿದೆ. ಪೇಟೆಯ ನ್ಯಾಯದಲ್ಲಿ ನಾನು ಈಗ ಹತ್ತು ಕಿಲೋ ಅಲ್ಲ. ಸುಲೋಚನಾ ಕಳುಹಿಸಿದ ನನಗಿಂತ ಭಾರದ ಹೊಸ ಗುಂಡುಗಳು ಅಂಗಳಕ್ಕೆ ಬಂದಿವೆ. ಅವನ್ನೆತ್ತಲು ಕೇರಿಯ ಇಬ್ಬರು ಹೆಂಗಸರೂ ಬರುತ್ತಾರೆ. ನಾನು ಮತ್ತೆ ಜಾಡಿಯ ಮೇಲೆ, ಮಾವಿನಮಿಡಿಯ ಕಂಪಿನಲ್ಲಿ ಕುಳಿತಿದ್ದೇನೆ. ಚಾತುರ್ಮಾಸ್ಯ ಬಂದಾಗ ಅಂಬುಜಮ್ಮ ಶಾಸ್ತ್ರ ಹೇಳಿದಂತೆ ತಿಂಗಳಿಗೆ ಒಂದನ್ನೇ ಬಿಡುತ್ತಾಳೆ. ಕೊಡ ದಿನವೂ ನೆಲ ಸೋಕದೆ ಗುಡಿ ಸೇರುತ್ತದೆ.

ಉಪ್ಪಿನಕಾಯಿ ತೆಗೆಯುವಾಗಲೆಲ್ಲ ಆಕೆ ನನ್ನನ್ನು ಒಂದೇ ಕೈಯಲ್ಲಿ ಎತ್ತುತ್ತಾಳೆ. ಎತ್ತಿದಷ್ಟೇ ಶ್ರದ್ಧೆಯಿಂದ, ಉಸಿರು ಬಿಡುತ್ತ, ಸದ್ದಾಗದಂತೆ ನೆಲಕ್ಕಿಳಿಸುತ್ತಾಳೆ.